ಸೆಟಪ್ ರಾಯರ ಖಾಸಗಿ ಸೂರ್ಯ

ಹೊರದೇಶದ ಕನ್ನಡ ಕೂಟಗಳಲ್ಲಿ ಒಬ್ಬರಾದರೂ ಸೆಟಪ್ ರಾಯರು ಇದ್ದೇ ಇರುತ್ತಾರೆ. ಕಾಫಿ ಕುಡಿಯಬೇಕೆನಿಸಿದರೆ ನಾವು ಡಿಕಾಕ್ಷನ್ ಇಳಿಸುತ್ತೇವೆ. ರಾಯರು ತಕ್ಕಡಿ, ಥರ್ಮಾಮೀಟರ್ ತರಿಸುತ್ತಾರೆ. ಹಾಡು ಕೇಳಬೇಕೆನಿಸಿದರೆ ಗೋಡೆ ಕೊರೆಸುತ್ತಾರೆ. ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ರಾಯರನ್ನು ಮಗಳು ನಾಯಿಮರಿ ಕೇಳಿದಳು. ನಾಯಿಗೆ ಸೆಟಪ್ಪೇ ಇಲ್ಲ, ಒಂದು ಹಗ್ಗವಿದ್ದರೆ ಮುಗಿಯಿತು. ರಾಯರು ‘ಖರ್ಚಿಲ್ಲದ, ಗಲಾಟೆಯಿಲ್ಲದ ಪ್ರಾಣಿ’ ಎಂದು ಹರ್ಮನ್ ಜಾತಿಯ ಆಮೆಯೊಂದನ್ನು ತಂದು, ಗುಂಡ ಎಂದು ಹೆಸರಿಟ್ಟರು. ಊರಲ್ಲಿ ನಕ್ಷತ್ರ ಆಮೆ ಸಾಕಿದ್ದರೆ 1972ರ ವನ್ಯಜೀವಿ ಕಾಯ್ದೆ ಬಾಗಿಲು ತಟ್ಟುತ್ತಿತ್ತು. ಗುಂಡನಿಗೋ ಸರ್ಟಿಫಿಕೇಟೇ ಇದೆ. ರಾಯರ ವೀಸಾಕ್ಕಿಂತ ಗುಂಡನ ಕಾಗದಪತ್ರವೇ ಗಟ್ಟಿ ಎಂದು ಕೂಟದಲ್ಲಿ ಮಾತು.

ಅವರ ಮನೆಗೆ ಹೋದವರಿಗೆ ಮೊದಲು ಸೂರ್ಯದರ್ಶನ, ಆಮೇಲೆ ಕಾಫಿ. ಊಟದ ಮೇಜಿದ್ದ ಜಾಗದಲ್ಲಿ ಈಗ ಮರದ ತೊಟ್ಟಿ, ಅದರ ಮೇಲೆ ಉದ್ದನೆಯ ಟಿ5 ಟ್ಯೂಬು, ಪಕ್ಕದಲ್ಲೇ ಶಾಖದ ಬಲ್ಬು. ಆಗ ಯಾರಾದರೂ ಅಮಾಯಕರು, “ಕಿಟಕಿ ಹತ್ತಿರ ಇಟ್ಟಿದ್ರೆ ಬಿಸಿಲು ಬರ್ತಿರ್ಲಿಲ್ವಾ ಸಾರ್?” ಎಂದುಬಿಟ್ಟರೆ ಕಾಫಿ ಮತ್ತೆ ಅರ್ಧ ಗಂಟೆ ಮುಂದಕ್ಕೆ.

“ಬೆಳಕು ಬರುತ್ತೆ ಸ್ವಾಮಿ, ಯುವಿಬಿ ಬರಲ್ಲ. 290ರಿಂದ 320 ನ್ಯಾನೋಮೀಟರ್ ಕಿರಣ. ಗಾಜು ಅದನ್ನ ಹೊರಗೇ ನಿಲ್ಲಿಸುತ್ತೆ. ಆ ಕಿರಣ ಬಿದ್ದರೆ ಚರ್ಮದಲ್ಲಿ ವಿಟಮಿನ್ ಡಿ3ಯ ಕಚ್ಚಾರೂಪ ತಯಾರು. ಅದು ಡಿ3 ಆಗೋಕೆ ಮೈ ಬಿಸಿಯಾಗಬೇಕು. ಅದಕ್ಕೇ ಟ್ಯೂಬು, ಬಲ್ಬು ಎರಡೂ ಒಂದೇ ಕಡೆ. ಡಿ3 ಇಲ್ದಿದ್ರೆ ಕ್ಯಾಲ್ಸಿಯಂ ಮೈಗೆ ಹತ್ತಲ್ಲ. ಚಿಪ್ಪು ಮೆತ್ತಗಾಗುತ್ತೆ, ಕಾಲು ಸೊಟ್ಟಗಾಗುತ್ತೆ!”

ಬಲ್ಬಿನ ಕೆಳಗೆ 33 ಡಿಗ್ರಿ, ಆ ತುದಿಯಲ್ಲಿ 22. ಗುಂಡ ಬೇಕಾದಾಗ ಕಾಯಿಸಿಕೊಂಡು, ಸಾಕಾದಾಗ ತಂಪು ತುದಿಗೆ ಹೋಗಬೇಕು. ದಿನಕ್ಕೆ 12 ಗಂಟೆ ಹಗಲು, ಆಮೇಲೆ ಕತ್ತಲೆ, ಟೈಮರು ಕಟ್ಟುನಿಟ್ಟು. ತಾಪ ಪರೀಕ್ಷಿಸಲು ರಾಯರ ಸೊಂಟದಲ್ಲಿ ಸದಾ ಇನ್‌ಫ್ರಾರೆಡ್ ಗನ್. ಗುಂಡನ ಚಿಪ್ಪಿಗೆ ಗುರಿಯಿಟ್ಟ ಮೇಲೆ ಕೈ ಸುಮ್ಮನಿರದೆ ದೋಸೆ ಕಾವಲಿಗೆ, ಸಾರಿನ ಪಾತ್ರೆಗೆ, ಒಮ್ಮೊಮ್ಮೆ ಅತಿಥಿಗಳ ಬೊಕ್ಕತಲೆಗೂ ಇಡುತ್ತಾರೆ. ಯುವಿ ಇಂಡೆಕ್ಸ್ ಅಳೆಯುವ ಮೀಟರು ಬೇರೆ. ಅದರ ಬೆಲೆಗೆ ಇನ್ನೊಂದು ಆಮೆ ಬರುತ್ತಿತ್ತು.

ವರ್ಷ ತುಂಬುತ್ತಲೇ ರಾಯರು ಟ್ಯೂಬು ಬಿಚ್ಚಿದರು.

“ಚೆನ್ನಾಗೇ ಉರೀತಿದೆಯಲ್ರೀ!” ಎಂದರು ಅವರ ಶ್ರೀಮತಿ.

“ನಿನ್ನ ಕಣ್ಣಿಗೆ ಉರೀತಿದೆ. ಗುಂಡನ ಪಾಲಿಗೆ ಆರ್ತಾ ಬಂದಿದೆ. ಬೆಳಕು ಹಾಗೇ ಇರುತ್ತೆ, ಯುವಿಬಿ ಇಳಿದುಹೋಗುತ್ತೆ.”

“ನಮ್ಮ ಮದುವೆ ಥರ ಅನ್ನಿ,” ಎಂದು ಅವರು ಒಳಗೆ ಹೋದರು.

ಕರೆಂಟಿನ ಬಿಲ್ಲು ನೋಡಿ ರಾಯರು ಗಾಬರಿಯಾದರು. ಆದರೆ ಗುಂಡನ ಸೂರ್ಯನನ್ನು ಮುಟ್ಟಲಿಲ್ಲ. ಮನೆಯ ಹೀಟಿಂಗ್ ಇಳಿಸಿದರು. ಮಾರ್ಚಿಯ ಚಳಿಯಲ್ಲಿ ಎಲ್ಲರಿಗೂ ಎರಡೆರಡು ಸ್ವೆಟರು. ಮಗಳು ತೊಟ್ಟಿಯ ಪಕ್ಕ ಕುಳಿತು ಹೋಮ್‌ವರ್ಕ್ ಮಾಡುತ್ತಿದ್ದಳು. ನೋಡಿದವರು ಪ್ರಾಣಿಪ್ರೀತಿ ಎಂದುಕೊಂಡರು.

ಚಳಿಗಾಲಕ್ಕೆ ಗುಂಡನ ದೀರ್ಘನಿದ್ದೆ. ಆ ದೇಶದಲ್ಲಿ ಆಮೆ ಸಾಕುವವರು ಅನೇಕರು ಇದಕ್ಕೆ ಫ್ರಿಜ್ಜನ್ನೇ ಬಳಸುತ್ತಾರೆ: 5 ಡಿಗ್ರಿ ಆಸುಪಾಸು, ದಿನಕ್ಕೊಮ್ಮೆ ಬಾಗಿಲು ತೆರೆದು ಗಾಳಿ. ರಾಯರು ಹೊಸ ಫ್ರಿಜ್ಜನ್ನೇ ತಂದರು. ದೋಸೆಹಿಟ್ಟಿಗೆ ಜಾಗವಿಲ್ಲ, ಇನ್ನೊಂದು ಫ್ರಿಜ್ ಬೇಕು ಎಂದು ವರ್ಷಗಳಿಂದ ಹೇಳುತ್ತಿದ್ದ ಶ್ರೀಮತಿ ಅದರ ಮುಂದೆ ನಿಂತು ಮಾತೇ ಆಡಲಿಲ್ಲ. ಆಡಿದ್ದು ಅರಸೀಕೆರೆಯಿಂದ ಬಂದಿದ್ದ ರಾಯರ ಅಮ್ಮ.

“ಕೂರ್ಮಾವತಾರ ಕಣೋ ಅದು! ಮಂದರ ಪರ್ವತ ಹೊತ್ತವನನ್ನ ಫ್ರಿಜ್ಜಲ್ಲಿ ಇಡ್ತಾರೇನೋ?”

“ಮಲಗಿದ್ದಾನಮ್ಮ. ಡಿಸ್ಟರ್ಬ್ ಮಾಡ್ಬಾರ್ದು.”

“ಕ್ಷೀರಸಾಗರದಲ್ಲಿ ಮಲಗಿದ್ರೆ ಸರಿ, ಹಾಲಿನ ಡಬ್ಬಿ ಜಾಗದಲ್ಲಿ ಮಲಗಿಸ್ತಾರಾ?” ಎಂದ ಅಮ್ಮ, ದಿನಾ ಗಾಳಿಗೆ ಬಾಗಿಲು ತೆರೆದಾಗಲೆಲ್ಲ ಅದಕ್ಕೊಂದು ಮಂಗಳಾರತಿ ಶುರುಮಾಡಿದರು. ರಾಯರು ಆರತಿಗೂ ಗನ್ ಹಿಡಿದು, ಒಳಗಿನ ತಾಪ ಏರದಂತೆ ನೋಡಿಕೊಂಡರು.

ವಸಂತಕ್ಕೆ ಗುಂಡ ಕಣ್ಣುಬಿಟ್ಟು, ಗಟ್ಟಿ ಚಿಪ್ಪು ಹೊತ್ತು, ಬಲ್ಬಿನಡಿಗೆ ಸರಿದ. ರಾಯರಿಗೆ ಮಾತ್ರ ಮೊಣಕಾಲು ನೋವು, ಮೆಟ್ಟಿಲು ಹತ್ತಿದರೆ ಸೊಂಟ ಹಿಡಿಯುತ್ತದೆ. ರಕ್ತ ಪರೀಕ್ಷೆಯಾಯಿತು. ವಿಟಮಿನ್ ಡಿ ತಳ ಕಂಡಿತ್ತು. ಇಂಗ್ಲೆಂಡಿನಲ್ಲಿ ಅಕ್ಟೋಬರಿನಿಂದ ಮಾರ್ಚಿಯವರೆಗೆ ಬಿಸಿಲಲ್ಲಿ ಸಾಕಷ್ಟು ಯುವಿಬಿ ಇರುವುದಿಲ್ಲ, ನಮ್ಮಂಥ ಕಂದು ಮೈಯವರಿಗೆ ಉಳಿದ ತಿಂಗಳ ಬಿಸಿಲೂ ಸಾಲದೆ ಬರಬಹುದು ಎಂದು ವಿವರಿಸಿದ ಡಾಕ್ಟರು ಕೇಳಿದರು: “ಮನೆಯಲ್ಲಿ ಬಿಸಿಲಿನ ವ್ಯವಸ್ಥೆ ಹೇಗೆ?”

ರಾಯರ ಮುಖ ಅರಳಿತು. “ಯುವಿ ಇಂಡೆಕ್ಸ್ 4, ತಾಪಮಾನ 33, ದಿನಕ್ಕೆ 12 ಗಂಟೆ. ಒಂದು ದಿನ ತಪ್ಪಿಲ್ಲ ಡಾಕ್ಟರೇ!”

ಡಾಕ್ಟರು ರಿಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. “ಅಷ್ಟಿದ್ದೂ ಹೀಗೆ ಹೇಗಾಯ್ತು?”

“ಅದು ಅವನ ಕಡೆಯ ಲೆಕ್ಕ,” ಎಂದರು ರಾಯರು. “ನಾವೆಲ್ಲ ತಂಪು ತುದಿಯಲ್ಲಿದ್ದೀವಿ.”