ಕಾರ್ಡು ರಾಯರು

ರಾಯರು ಎದುರಿಗೆ ಬರುವುದು ಕಂಡರೆ ನಮ್ಮ ಬೀದಿಯ ಜನ ಆಚೆ ಬದಿಯ ಫುಟ್‌ಪಾತಿಗೆ ದಾಟಿಕೊಳ್ಳುತ್ತಾರೆ. ಅವರು ಯಾರಿಗೂ ಸಾಲ ಕೊಟ್ಟಿಲ್ಲ, ಕಾರ್ಡು ಕೊಟ್ಟಿದ್ದಾರೆ. "ಉಪಯೋಗಿಸಿದ್ರಾ?" ಎಂದು ಕೇಳುತ್ತಾರೆ. ಬ್ಯಾಂಕ್ ಮ್ಯಾನೇಜರಾಗಿದ್ದವರಿಗೆ ಸಾಲ ಮಂಜೂರು ಮಾಡುವ ಅಧಿಕಾರ ನಿವೃತ್ತಿಯ ದಿನವೇ ಹೋಯಿತು. ವಸೂಲಿಯ ದನಿ ಮಾತ್ರ ಜೊತೆಗೇ ಮನೆಗೆ ಬಂತು.

ಇಂಥ ರಾಯರು ಮಲ್ಲೇಶ್ವರದಲ್ಲಿದ್ದಾರೆ, ಜಯನಗರದಲ್ಲಿದ್ದಾರೆ, ಮೈಸೂರಿನ ಸರಸ್ವತಿಪುರದಲ್ಲಂತೂ ಅಡ್ಡರಸ್ತೆಗೊಬ್ಬರು ಇದ್ದಾರೆಂದು ನನ್ನ ಗುಮಾನಿ. ಶನಿವಾರದ ಜಲವರ್ಣ ಕ್ಲಾಸಿಗೆ ಸೇರುತ್ತಾರೆ. ಮೇಲುಕೋಟೆಯ ಕಲ್ಯಾಣಿ, ಲಾಲ್‌ಬಾಗಿನ ಬಂಡೆ ಮೇಲಿನ ಗೋಪುರ, ಬಸವನಗುಡಿಯ ಕಡಲೆಕಾಯಿ ಪರಿಷೆ ಎಲ್ಲ ಆಗುತ್ತದೆ. ನಮ್ಮ ರಾಯರ ಪರಿಷೆಯಲ್ಲಿ ಕಡಲೆಕಾಯಿ ಯಾವುದು, ಜನ ಯಾರು ಎಂದು ಹೇಳುವುದು ಕಷ್ಟ. ಕೇಳಿದರೆ ಅದೇ ಶೈಲಿ ಎನ್ನುತ್ತಾರೆ. ಮೊದಲು ಮನೆಯ ಗೋಡೆಗಳು ತುಂಬಿದವು. ಆಮೇಲೆ ಮಗಳ ಮನೆಯವು. ಬೀಗರು "ನಮ್ಮದು ಬಾಡಿಗೆ ಮನೆ, ಮೊಳೆ ಹೊಡೆಯೋ ಹಾಗಿಲ್ಲ" ಎಂದು ಜಾಣತನದಿಂದ ಪಾರಾದರು. ಮೊಳೆ ಬೇಡದ ಕಲೆ ಯಾವುದೆಂದು ರಾಯರು ಯೋಚಿಸಿದ್ದು ಆಗಲೇ. ಚಿತ್ರದ ಫೋಟೊ ತೆಗೆದು, ಅಚ್ಚು ಹಾಕಿಸಿ, ದಪ್ಪ ಕಾಗದ ಮಡಚಿ ಅಂಟಿಸಿದರೆ ಕಾರ್ಡು!

ಫೋಟೊ ತೆಗೆಯುವುದು ತಾರಸಿಯಲ್ಲಿ, ಮೋಡ ಕವಿದ ದಿನ. ಬಿಸಿಲಿದ್ದರೆ ಕಾಗದದ ತರಿ ಎದ್ದು ಕಾಣುತ್ತದೆ, ಫ್ಲ್ಯಾಶ್ ಹಾಕಿದರೆ ನಡುವೆ ಬಿಳಿ ಮಚ್ಚೆ, ಮೊಬೈಲನ್ನು ತೀರಾ ಹತ್ತಿರ ಹಿಡಿದರೆ ಗೋಪುರ ಹೊಟ್ಟೆ ಬಿಡುತ್ತದೆ. ಇದನ್ನೆಲ್ಲ ಅವರು ಕಷ್ಟಪಟ್ಟು ಕಲಿತರು. ಕಲಿಯದೆ ಉಳಿದದ್ದು ಪಕ್ಕದ ತಂತಿಯ ಮೇಲೆ ಒಣಗುತ್ತಿದ್ದ ಕೆಂಪು ಸೀರೆಯ ವಿಷಯ. ಅದರ ಬಣ್ಣ ಬಿಳಿ ಕಾಗದದ ಮೇಲೆ ಬಿದ್ದು ಮೇಲುಕೋಟೆಯ ಕಲ್ಯಾಣಿ ರೋಸ್‌ಮಿಲ್ಕಿನ ತೊಟ್ಟಿಯಾಯಿತು. "ಸಂಜೆಗೆಂಪು" ಎಂದು ಅದಕ್ಕೆ ಹೆಸರಿಟ್ಟು ಹಂಚಿದರು. ಅದೊಂದು ಕಾರ್ಡನ್ನು ಮಾತ್ರ ಎಲ್ಲರೂ ಮನಃಪೂರ್ವಕ ಹೊಗಳಿದರು. ಅಂದಿನಿಂದ ರಾಯರಿಗೆ ವಿಮರ್ಶಕರ ಮೇಲೆ ನಂಬಿಕೆಯಿಲ್ಲ.

ಇನ್ನು ಸ್ಟುಡಿಯೋ. ಅಲ್ಲಿನ ಹುಡುಗನದು ಇಂಚಿನ ಲೋಕ, ಕಾಗದದಂಗಡಿಯದು ಮಿಲಿಮೀಟರಿನ ಲೋಕ. ಸುಲ್ತಾನ್‌ಪೇಟೆಯಿಂದ 300 ಜಿಎಸ್‌ಎಂ ಕಾಗದ ತಂದು, ಎ5 ಹಾಳೆ ಮಡಚಿದರೆ 105ಕ್ಕೆ 148 ಮಿ.ಮೀ. ಕಾರ್ಡಾಗುತ್ತದೆ. 4ಕ್ಕೆ 6 ಇಂಚಿನ ಫೋಟೊ ಎಂದರೆ ಸುಮಾರು 102ಕ್ಕೆ 152. ಅಗಲಕ್ಕೆ ಕೂತಿತು, ಉದ್ದಕ್ಕೆ ನಾಲ್ಕು ಮಿ.ಮೀ. ಹೊರಗೆ! ಲೆಕ್ಕಪತ್ರದಲ್ಲಿ ನಾಲ್ಕಾಣೆ ವ್ಯತ್ಯಾಸ ಬಂದರೂ ಶಾಖೆಯ ಬಾಗಿಲು ಹಾಕಲು ಬಿಡದಿದ್ದ ಮನುಷ್ಯ ರಾತ್ರಿಯೆಲ್ಲ ಅಳತೆಪಟ್ಟಿ ಹಿಡಿದು ಕೂತರು. ಕೊನೆಗೆ ಕತ್ತರಿಸಿದರು. ಲಾಲ್‌ಬಾಗಿನ ಗೋಪುರದ ತುದಿ ಹೋಯಿತು. ಅಲ್ಲಿ ಅವರ ಸಹಿ ಇರಲಿಲ್ಲ, ಹಾಗಾಗಿ ಅಷ್ಟೇನೂ ನೋವಾಗಲಿಲ್ಲ.

ಮಡಿಕೆಯದು ಬೇರೆಯೇ ಶಾಸ್ತ್ರ. ಕಾಗದಕ್ಕೂ ನಾರಿನ ದಿಕ್ಕಿರುತ್ತದೆ. ಅದರ ಗುಂಟ ಮಡಚಿದರೆ ಅಂಚು ನೀಟು, ಅಡ್ಡ ಮಡಚಿದರೆ ಬಿರುಕು. ಮೊದಲು ಮೊಂಡು ವಸ್ತುವಿನಿಂದ ಗೀರಬೇಕು. ಅದಕ್ಕೆಂದೇ ಇರುವ ಮೂಳೆಯ ಉಪಕರಣವನ್ನು ರಾಯರ ಮಡಿ ಒಪ್ಪಲಿಲ್ಲ, ಹಾಗಾಗಿ ಸ್ಟೀಲ್ ಚಮಚದ ಹಿಂಭಾಗ. ಉಪ್ಪಿನಕಾಯಿ ಜಾಡಿಯಲ್ಲಿ ಚಮಚವಿಲ್ಲವೆಂದರೆ ರಾಯರು ಕೆಲಸಕ್ಕೆ ಕೂತಿದ್ದಾರೆಂದೇ ಅರ್ಥ. ಗೋಂದು ಹಚ್ಚಿದರೆ ಫೋಟೊ ಹಪ್ಪಳದಂತೆ ಸೆಟೆದುಕೊಂಡಿತೆಂದು ಎರಡು ಕಡೆ ಅಂಟುವ ಟೇಪು ಬಂತು. ಟೇಪಿನ ಹಿಂಬದಿಯ ಹಳದಿ ಪಟ್ಟಿ ಬಿಡಿಸುವುದಕ್ಕೆ ಉಗುರು ಬೇಕು. ಉಗುರಿರುವುದು ರಾಯರ ಹೆಂಡತಿಗೆ. ಕತ್ತರಿಸುವುದು, ಅಂಟಿಸುವುದು, ಲಕೋಟೆಗೆ ತುಂಬುವುದು ಹೀಗೆ ಒಂದೊಂದಾಗಿ ಆಯಮ್ಮನ ಪಾಲಿಗೆ ಬಂದವು. ಕಾರ್ಡಿನ ಹಿಂದೆ ಮಾತ್ರ ರಾಯರ ಹೆಸರು, ಕೆಳಗೆ "ಸ್ವಹಸ್ತದಿಂದ ತಯಾರಿಸಿದ್ದು". ಯಾರ ಸ್ವಹಸ್ತ ಎಂದು ನಾನೊಮ್ಮೆ ಕೇಳಿದೆ. ಆಯಮ್ಮ ಕಾಫಿ ಕೊಟ್ಟು ಒಳಗೆ ಹೋದರು. ಕಾಫಿಗೆ ಸಕ್ಕರೆ ಜಾಸ್ತಿಯೇ ಇತ್ತು.

ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆ. ಚಿತ್ರಕಲಾ ಪರಿಷತ್ತಿನ ಆ ಜಾತ್ರೆಯ ಅಂಚಿನಲ್ಲಿ ರಾಯರು, ಮಡಚುವ ಸ್ಟೂಲು, ರಟ್ಟಿನ ಡಬ್ಬಿ. ಕಾರ್ಡಿಗೆ ಎಂಬತ್ತು ರೂಪಾಯಿ. ಕುಂಚದ ಸವಕಳಿಯನ್ನೂ ಹಿಡಿದು ಅವರೇ ಹಾಕಿದ ಬೆಲೆ. ಹೆಂಡತಿಯ ಕೂಲಿ ಸೊನ್ನೆ. ಒಬ್ಬಾಕೆ ತಿರುಗಿಸಿ ಮುರುಗಿಸಿ ನೋಡಿ, "ಇದು ಪ್ರಿಂಟಲ್ವಾ?" ಎಂದರು. ರಾಯರು ಎದ್ದು ನಿಂತು, ಚಿತ್ರ ಕೈಯದು, ಮಡಿಕೆ ಕೈಯದು, ನಡುವೆ ಯಂತ್ರ ಒಂದಿಷ್ಟು ಕೈಯಾಡಿಸಿದೆ ಅಷ್ಟೆ ಎಂದು ವಿವರಿಸಿದರು. ಆಕೆ "ಒಳಗೆ ಏನೂ ಬರೆದಿಲ್ವಲ್ಲ" ಎಂದು ವಾಪಸಿಟ್ಟರು.

ಈ ಮಾತು ರಾಯರಿಗೆ ತಾಗಿತು. ಒಳಗೆ ಬರೆಯಬೇಕಾದವರು ನೀವು ಎನ್ನುವುದೇ ಅವರ ಸಿದ್ಧಾಂತ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಚಿತ್ರಕಾರನೊಬ್ಬನಿಂದ ಮೊದಲ ಕ್ರಿಸ್‌ಮಸ್ ಕಾರ್ಡು ಬರೆಸಿದ ಕಥೆಯನ್ನು ಅವರು ಎಲ್ಲರಿಗೂ ಹೇಳುತ್ತಾರೆ. ಆ ಪುಣ್ಯಾತ್ಮ ಕಾರ್ಡು ಮಾಡಿಸಿದ್ದೇ ಅಷ್ಟೊಂದು ಜನರಿಗೆ ಕಾಗದ ಬರೆಯಲು ಪುರುಸೊತ್ತಿಲ್ಲವೆಂದು. ಈ ಭಾಗವನ್ನು ರಾಯರು ಬಿಟ್ಟು ಹೇಳುತ್ತಾರೆ.

ನಿಜಕ್ಕೂ ಅವರ ಕಾರ್ಡುಗಳನ್ನು ಯಾರೂ ಬರೆದು ಹಾಳು ಮಾಡುವುದಿಲ್ಲ. ನಮ್ಮ ಮನೆಯಲ್ಲಿ ಸೀರೆಗಳ ನಡುವೆ ಇವೆ, ಎದುರು ಮನೆಯಲ್ಲಿ ಶೋಕೇಸಿನಲ್ಲಿವೆ. "ಅಷ್ಟು ಚೆನ್ನಾಗಿರೋದರ ಮೇಲೆ ಪೆನ್ನಿಡೋಕೆ ಮನಸ್ಸು ಬರಲ್ಲ ರಾಯರೇ" ಎಂಬುದು ಬೀದಿಯವರೆಲ್ಲ ಸೇರಿ ಕಂಡುಕೊಂಡ ಉತ್ತರ. ರಾಯರೇನು ಕಡಿಮೆಯೇ? ಬ್ಯಾಂಕಿನಲ್ಲಿದ್ದಾಗ ಬಂದ ಯುನಿಸೆಫ್ ಕಾರ್ಡುಗಳನ್ನೆಲ್ಲ ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದವರು, ಒಂದಕ್ಕೂ ಮರು ಓಲೆ ಬರೆದವರಲ್ಲ. ಈಗ ಮಗಳ ಹುಟ್ಟುಹಬ್ಬಕ್ಕೆ ಒಂದು ವಾರ ಕೂತು ಕಾರ್ಡು ಮಾಡುತ್ತಾರೆ, ಮಾಡಿದ್ದರ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಅಸಲು ಕಾರ್ಡು ಡಬ್ಬಿಯಲ್ಲೇ ಉಳಿಯುತ್ತದೆ. ಅಂಚೆಯಲ್ಲಿ ಮುದುರಿದರೆ?

ಕೆಟ್ಟ ಕಾರ್ಡುಗಳದು ಬೇರೆ ಹಣೆಬರಹ. ಸೊಟ್ಟಗೆ ಅಂಟಿದ್ದು, ಅಡ್ಡ ಮಡಚಿ ಬಿರಿದದ್ದೆಲ್ಲ ಅಡುಗೆಮನೆಗೆ ಹೋಗುತ್ತದೆ. ಆಯಮ್ಮ ಅದರೊಳಗೆ "ನಾಳೆ ಎರಡು ಪ್ಯಾಕೆಟ್ ಸಾಕು" ಎಂದು ಬರೆದು ಗೇಟಿಗೆ ನೇತುಹಾಕಿದ ಹಾಲಿನ ಚೀಲಕ್ಕೆ ಹಾಕುತ್ತಾರೆ. ಮೊನ್ನೆ ಚೀಲದಲ್ಲಿ ಹಾಲಿನ ಜೊತೆ ಒಂದು ಕಾರ್ಡು ವಾಪಸು ಬಂದಿತ್ತು. ಆಯಮ್ಮನ ಸಾಲಿನ ಕೆಳಗೆ ಹಾಲಿನ ಹುಡುಗನ ಕೊಕ್ಕರೆ ಕಾಲಿನ ಅಕ್ಷರ: "ಆಂಟಿ, ಗೋಪುರದ್ದು ಆಗ್ಲೇ ಎರಡಿದೆ. ಪರಿಷೆದು ಇದ್ರೆ ಕೊಡಿ."

ರಾಯರು ಅದನ್ನು ಹಿಡಿದು ಇಡೀ ಬೀದಿ ಸುತ್ತಿದರು. ಅಂದು ಯಾರೂ ರಸ್ತೆ ದಾಟಲಿಲ್ಲ. ಅವರೇ ದಾಟಿ ಬಂದು ತೋರಿಸುತ್ತಿದ್ದರು. ಈಗ ಪರಿಷೆಯ ಹೊಸ ಕಂತು ತಯಾರಾಗುತ್ತಿದೆ. ಪ್ರತಿಯೊಂದರಲ್ಲೂ ಸಣ್ಣದೊಂದು ತಪ್ಪು ಉಳಿಯುವಂತೆ ರಾಯರು ಬಹಳ ಎಚ್ಚರ ವಹಿಸುತ್ತಿದ್ದಾರೆ.