ತೋಳನಿಗೊಂದು ಸಂಬಂಧ

ನಮ್ಮ ಬೂದಿಕೋಟೆಯವರಿಗೆ ವಾದ ಹೂಡಲು ಗಟ್ಟಿ ಸಾಕ್ಷಿ ಬೇಕು ಅಂತೇನಿಲ್ಲ. ಹೈದರ್ ಅಲಿ ಹುಟ್ಟಿದ್ದು ಇಲ್ಲೇ ಅನ್ನುವುದರಲ್ಲಿ ಎಲ್ಲರದೂ ಒಂದೇ ಮಾತು. ಯಾವ ವರ್ಷ ಅಂದಿರೋ, ಒಂದು ಪುಸ್ತಕ 1720 ಅನ್ನುತ್ತದೆ, ಇನ್ನೊಂದು 1721, ಮತ್ತೊಂದು 1722. ಅರಳಿಕಟ್ಟೆಯ ಮೇಲೆ ಮೂರಕ್ಕೂ ಪಕ್ಷಗಳಿವೆ. ಇಂಥ ಊರಿನಲ್ಲಿ ಬೆಳೆದ ನನ್ನ ತಂಗಿಯ ಮಗಳು, ಹ್ಯಾರಿ ಪಾಟರ್ ಪುಸ್ತಕಗಳ ರೀಮಸ್ ಲೂಪಿನ್ ಮತ್ತು ಸಿರಿಯಸ್ ಬ್ಲ್ಯಾಕ್ ಬರೀ ಸ್ನೇಹಿತರಲ್ಲ, ಪ್ರೇಮಿಗಳು ಎಂದು ಹಟ ಹಿಡಿದಿದ್ದರೆ ಅದು ಮಣ್ಣಿನ ಗುಣ.

ಹುಡುಗಿ ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡಿಕೊಂಡು ಓದುತ್ತಾಳೆ. ನಿಲ್ಲಲು ಜಾಗವಿಲ್ಲದಿದ್ದರೂ ಕೈಯಲ್ಲಿ ಪುಸ್ತಕ. ಲೂಪಿನ್, ಸಿರಿಯಸ್ ಜೋಡಿಗೆ ಅಭಿಮಾನಿಗಳು 'ವುಲ್ಫ್‌ಸ್ಟಾರ್' ಅಂತ ಹೆಸರಿಟ್ಟಿದ್ದಾರಂತೆ. ಅವರಲ್ಲೊಬ್ಬರು 2017ರಲ್ಲಿ ಶುರುಮಾಡಿ ಮರುವರ್ಷ ಮುಗಿಸಿದ 'ಆಲ್ ದಿ ಯಂಗ್ ಡ್ಯೂಡ್ಸ್' ಎಂಬ ಕಥೆ ಐದು ಲಕ್ಷ ಪದ ದಾಟಿದೆ. ಕಾಸಿಲ್ಲ, ಶಾಲಿಲ್ಲ, ಹಾರವಿಲ್ಲ. ಐದು ಲಕ್ಷ! ಈ ಪ್ರಬಂಧದ ಎರಡನೇ ಪ್ಯಾರಾಕ್ಕೇ ನನ್ನ ಕೈ ನೋಯುತ್ತಿದೆ.

ಪುರಾವೆ ಕೇಳಿದೆ. ನಾಲ್ಕನೇ ಪುಸ್ತಕದ ಕೊನೆಯಲ್ಲಿ ಡಂಬಲ್‌ಡೋರ್ ಮೇಷ್ಟ್ರು ಸಿರಿಯಸ್‌ಗೆ, ಲೂಪಿನ್ ಮನೆಯಲ್ಲಿ ತಲೆಮರೆಸಿಕೊಂಡಿರು ಅನ್ನುತ್ತಾರೆ. ಐದನೆಯದರಲ್ಲಿ ಇಬ್ಬರೂ ಸೇರಿ ಹ್ಯಾರಿಗೆ ಕ್ರಿಸ್‌ಮಸ್‌ಗೆ ಪುಸ್ತಕಗಳನ್ನು ಕೊಡುತ್ತಾರೆ.

"ಮಾಮ, ಇಬ್ಬರದೂ ಸೇರಿ ಒಂದೇ ಉಡುಗೊರೆ! ನಮ್ಮನೆ ಮುಯ್ಯಿ ಪುಸ್ತಕ ತೆಗೆದು ನೋಡು. ಇಬ್ಬರು ಸೇರಿ ಒಂದೇ ಮುಯ್ಯಿ ಬರೆಸೋರು ಯಾರು? ಗಂಡ ಹೆಂಡತಿ ತಾನೆ?"

ನಾನೂ ಬೂದಿಕೋಟೆಯವನೇ. ಮೂರನೇ ಪುಸ್ತಕ ತೆಗೆದು, ಇವರಿಬ್ಬರೂ ಅಣ್ಣತಮ್ಮಂದಿರ ಹಾಗೆ ತಬ್ಬಿಕೊಂಡರು ಅಂತ ಬರೆದಿದೆಯಲ್ಲ ಎಂದು ತೋರಿಸಿದೆ.

"ನಮ್ಮೂರಲ್ಲಿ ಅಣ್ಣತಮ್ಮಂದಿರು ತಬ್ಬಿಕೊಂಡಿದ್ದು ಯಾವಾಗ ನೋಡಿದ್ದೀಯಾ? ಬದುವಿನ ಜಗಳಕ್ಕೆ ಕೋರ್ಟು ಸುತ್ತೋದು ನೋಡಿದ್ದೀಯಾ. ಬಂಗಾರಪೇಟೆ ಪಾನಿಪೂರಿ ನೀರು ಬಾವಿ ನೀರಿನ ಥರಾ ತಿಳಿಯಾಗಿದೆ ಅಂತ ಅದರಲ್ಲಿ ಖಾರ ಇಲ್ಲ ಅಂತೀಯಾ?"

ಬಾಯಿಗೆ ಬಿದ್ದ ಮೇಲೆ ತಾನೆ ಅದರ ಖಾರ ಗೊತ್ತಾಗುವುದು. ನಾನು ಸುಮ್ಮನಾದೆ.

ಅಷ್ಟರಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮ ದೊಡ್ಡಮ್ಮನ ಕಿವಿ ನೆಟ್ಟಗಾಯಿತು. ಮಾಲೂರಿನಿಂದ ಕುಪ್ಪಂವರೆಗೆ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಸಂಬಂಧ ಕುದುರಿಸಿದ ಜೀವ ಅದು.

"ಹುಡುಗ ಏನು ಮಾಡ್ತಾನೆ?"

"ಮೇಷ್ಟ್ರಾಗಿದ್ದ ದೊಡ್ಡಜ್ಜಿ. ಹುಣ್ಣಿಮೆ ದಿನ ತೋಳ ಆಗ್ತಾನೆ ಅಂತ ಎಲ್ಲರಿಗೂ ಗೊತ್ತಾಗಿ ಒಂದೇ ವರ್ಷಕ್ಕೆ ಕೆಲಸ ಬಿಟ್ಟ."

"ಕುಡೀತಾನಾ?"

"ಕಷಾಯ. ತೋಳ ಆದಾಗ ಬುದ್ಧಿ ಕೆಡಬಾರದು ಅಂತ."

"ತಿಂಗಳಿಗೊಂದು ದಿನ ತಾನೆ. ನಿಮ್ಮ ದೊಡ್ಡತಾತ ದಿನಾ ಸಾಯಂಕಾಲ ಆಗ್ತಿದ್ರು. ಇನ್ನೊಬ್ಬ?"

"ಮಾಡದ ತಪ್ಪಿಗೆ ಹನ್ನೆರಡು ವರ್ಷ ಜೈಲಲ್ಲಿದ್ದ."

"ಜೈಲಿಗೆ ಹೋದೋರೆಲ್ಲ ಹಂಗೇ ಅನ್ನೋದು. ಆಸ್ತಿ?"

"ಲಂಡನ್ನಲ್ಲಿ ಸ್ವಂತ ಮನೆ."

ಅವರೆಕಾಯಿ ಕೈಯಲ್ಲೇ ನಿಂತಿತು. "ಒಡಹುಟ್ಟಿದೋರು?"

"ಒಬ್ಬ ತಮ್ಮ. ತೀರಿಕೊಂಡ."

"ಅಂದ್ರೆ ಪಾಲು ಕೇಳೋರಿಲ್ಲ. ನಕ್ಷತ್ರ?"

"ಹೆಸರೇ ನಕ್ಷತ್ರದ್ದು. ಲುಬ್ಧಕ."

"ಇಪ್ಪತ್ತೇಳರಲ್ಲಿ ಅದು ಬರಲ್ಲ. ಇರಲಿ ಬಿಡು, ಹೊಂದಿಸಬಹುದು."

ದೊಡ್ಡಮ್ಮಾ, ಇಬ್ಬರೂ ಗಂಡಸರು ಎಂದೆ. "ನಂಗೆ ಕಿವಿ ಕೇಳುತ್ತೆ ಕಣೋ. ನಾನು ಗಂಡು ಹೆಣ್ಣು ನೋಡಿ ಮಾಡಿಸಿದ ಸಂಬಂಧಗಳು ಎಷ್ಟು ಪಂಚಾಯಿತಿಗೆ ಬಂದ್ವು ಅಂತ ನಿಂಗೆ ಗೊತ್ತು. ಛತ್ರ ಯಾವಾಗ?"

ಇಲ್ಲಿ ಹುಡುಗಿಯೇ ಸ್ವಲ್ಪ ಮಂಕಾದಳು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಸಲಿಂಗ ಪ್ರೇಮ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರ್‌ನಲ್ಲಿ, ಇಂಥ ಮದುವೆಗೆ ಕಾನೂನು ಮಾಡುವುದು ನಮ್ಮ ಕೆಲಸವಲ್ಲ, ಸಂಸತ್ತಿನದು ಎಂದಿತು. ಇಂಗ್ಲೆಂಡಿನಲ್ಲೇನೋ 2014ರಿಂದ ಮದುವೆಗೆ ಅಡ್ಡಿಯಿಲ್ಲ. ಆದರೆ ಕಥೆಯ ಲೆಕ್ಕದಲ್ಲಿ ಸಿರಿಯಸ್ 1996ರಲ್ಲಿ, ಲೂಪಿನ್ 1998ರಲ್ಲಿ ಸತ್ತಾಗಿತ್ತು.

"ಇಬ್ಬರನ್ನೂ ಸಾಯಿಸಿದ್ದು ಯಾರು?"

"ಬರೆದೋರೇ. ಸಾಯಿಸೋಕೆ ಮುಂಚೆ ಲೂಪಿನ್‌ಗೆ ಟಾಂಕ್ಸ್ ಅನ್ನೋ ಹುಡುಗಿ ಜೊತೆ ಮದುವೆ ಮಾಡಿಸಿ, ಒಂದು ಮಗೂನೂ ಕೊಟ್ಟರು."

ಆ ಬರೆದ ರೌಲಿಂಗ್ ಮೇಲೆ ಇವಳಿಗೆ ಇನ್ನೊಂದು ಸಿಟ್ಟಿದೆ. 2007ರ ಜುಲೈಗೆ ಏಳನೇ ಪುಸ್ತಕ ಬಂದು ಎಲ್ಲ ಮುಗಿದ ಮೇಲೆ, ಅದೇ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಆಕೆ ಡಂಬಲ್‌ಡೋರ್ ಸಲಿಂಗಿ ಎಂದರು. ಸಭೆಯೇನೋ ಚಪ್ಪಾಳೆ ತಟ್ಟಿತು. ಪುಸ್ತಕದಲ್ಲಿ ಬರೆಯೋಕೇನಾಗಿತ್ತು ಅನ್ನುವುದು ಇವಳ ಪ್ರಶ್ನೆ. ನನಗೂ ಅದು ನ್ಯಾಯ ಅನ್ನಿಸಿತು. ಬರೆದವರು ಬಿಟ್ಟದ್ದನ್ನು ಓದುಗರು ತುಂಬಿಸಿಕೊಳ್ಳುವುದು ಹೊಸದೇನಲ್ಲ. 'ಸ್ಟಾರ್ ಟ್ರೆಕ್' ಧಾರಾವಾಹಿಯ ಕರ್ಕ್, ಸ್ಪಾಕ್ ಇಬ್ಬರನ್ನೂ ಪ್ರೇಮಿಗಳಾಗಿಸಿದ ಕಥೆ ಅಭಿಮಾನಿಗಳ ಪುಟ್ಟ ಪತ್ರಿಕೆಯೊಂದರಲ್ಲಿ 1974ರಲ್ಲೇ ಅಚ್ಚಾಗಿತ್ತು. ಆಗ ಈ ಹುಡುಗಿಯ ಅಮ್ಮನೂ ಹುಟ್ಟಿರಲಿಲ್ಲ.

ನಮ್ಮಲ್ಲಿ ಸಲಿಂಗ ಪ್ರೇಮದ ಕಥೆಗಳಿರುವ ವಸುಧೇಂದ್ರರ 'ಮೋಹನಸ್ವಾಮಿ' ಬಂದದ್ದು 2013ರಲ್ಲಿ. ಅದನ್ನು ದಿನಪತ್ರಿಕೆಯೊಳಗೆ ಇಟ್ಟುಕೊಂಡು ಓದಿದ ಗೆಳೆಯರು ನನಗಿದ್ದಾರೆ. ಇವಳು ಅದೇ ಪುಸ್ತಕವನ್ನು ರೈಲಿನಲ್ಲಿ ರಟ್ಟು ಕಾಣುವಂತೆ ಹಿಡಿದು ಓದಿದಳು. ಪಕ್ಕದವರು ಇಣುಕಿದರೆ ಪುಟ ತಿರುಗಿಸುವ ಮೊದಲು 'ಆಯ್ತಾ ಅಂಕಲ್?' ಎಂದು ಕೇಳುತ್ತಾಳಂತೆ.

ಈಗ ಅವಳೇ ಬರೆಯುತ್ತಿದ್ದಾಳೆ. ಅವಳ ನೋಟ್‌ಬುಕ್ಕಿನಲ್ಲಿ ಇಬ್ಬರೂ ಬದುಕಿದ್ದಾರೆ. ಬಂಗಾರಪೇಟೆಯಲ್ಲಿ ಪಾನಿಪೂರಿ ಗಾಡಿ ಇಟ್ಟಿದ್ದಾರೆ. ಲೂಪಿನ್ ಕೆಜಿಎಫ್‌ನಲ್ಲಿ ಪಾಠ ಮುಗಿಸಿ ಮಾರಿಕುಪ್ಪಂ ರೈಲಿನಿಂದ ಇಳಿದು ಬರುತ್ತಾನೆ, ಸಿರಿಯಸ್ ಪೂರಿ ಒಡೆದು ಕೊಡುತ್ತಾನೆ. ಹುಣ್ಣಿಮೆಗೆ ಗಾಡಿ ರಜಾ. ದೊಡ್ಡಮ್ಮ ಕೇಳಿದ ತಿದ್ದುಪಡಿ ಒಂದೇ: ಲಂಡನ್ ಮನೆ ಬಾಡಿಗೆಗೆ ಕೊಡಬೇಕು, ಖಾಲಿ ಬಿಡಬಾರದು.

ನಮ್ಮ ಕಡೆ ಬಂದರೆ ಬಂಗಾರಪೇಟೆಯಲ್ಲಿ ಪಾನಿಪೂರಿ ತಿನ್ನಿ, ಬೂದಿಕೋಟೆಗೂ ಬನ್ನಿ, ಹೈದರ್ ಅಲಿಯ ವರ್ಷದ ಬಗ್ಗೆ ಬೇಕಾದ ಪಕ್ಷ ಸೇರಿಕೊಳ್ಳಿ. ನಮ್ಮ ದೊಡ್ಡಮ್ಮನ ಮುಂದೆ ಮಾತ್ರ ಆ ಇಬ್ಬರನ್ನು ಬರೀ ಸ್ನೇಹಿತರು ಅನ್ನಬೇಡಿ. ಅವರು ಕುದುರಿಸಿದ ಸಂಬಂಧವನ್ನು ಯಾರಾದರೂ ಮುರಿದರೆ ಕಾಫಿ ಕೊಡುವುದಿಲ್ಲ.