ಮೂರನೇ ಕಾಲಂ

(ವಿಶ್ವವಿದ್ಯಾಲಯವೊಂದರ ಹಾಸ್ಟೆಲ್ ಕಚೇರಿ. ಊಟಕ್ಕೆ ಐದು ನಿಮಿಷ ಬಾಕಿ.)

ವಿದ್ಯಾರ್ಥಿನಿ: ಸರ್, ಹಾಸ್ಟೆಲ್‌ನಲ್ಲಿ ಕೋಣೆ ಬೇಕಿತ್ತು.

ಸಾಹೇಬರು: ಗಂಡೋ, ಹೆಣ್ಣೋ?

ವಿದ್ಯಾರ್ಥಿನಿ: ಟ್ರಾನ್ಸ್‌ಜೆಂಡರ್. ಡಿ.ಸಿ. ಕೊಟ್ಟ ಗುರುತಿನ ಚೀಟಿ ಇದೆ.

ಸಾಹೇಬರು: ಅದಕ್ಕೇನಂತೆ! ಅರ್ಜಿಯಲ್ಲಿ ಮೂರನೇ ಕಾಲಂ ಮಾಡಿಸಿದ್ದೇವಲ್ಲ, ಟಿಕ್ ಹಾಕಿ.

ವಿದ್ಯಾರ್ಥಿನಿ: ಹಾಕಿದೆ. ಕೋಣೆ?

ಸಾಹೇಬರು: ಕಾಲಂ ಬಂದಿದೆ, ಕೋಣೆ ಬಂದಿಲ್ಲ.

ವಿದ್ಯಾರ್ಥಿನಿ: ನಮ್ಮ ಹಕ್ಕುಗಳ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2014ರಲ್ಲಿ, ಕಾಯ್ದೆ 2019ರಲ್ಲಿ.

ಸಾಹೇಬರು: ನಮ್ಮ ಟಪಾಲು ಸ್ವಲ್ಪ ನಿಧಾನ.

ವಿದ್ಯಾರ್ಥಿನಿ: ಆ ಕಾಯ್ದೆ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ದೂರು ಅಧಿಕಾರಿ ಇರಬೇಕು. ಇಲ್ಲಿ ಯಾರು?

ಸಾಹೇಬರು: ನಾನೇ. ಯಾರ ಮೇಲೆ ದೂರು?

ವಿದ್ಯಾರ್ಥಿನಿ: ನಿಮ್ಮ ಮೇಲೇ.

ಸಾಹೇಬರು: ಹಾಗಾದರೆ ನನ್ನ ಮೂಲಕವೇ ಬರಲಿ. ನಮಗೆ ಅಭಿಮಾನವಿಲ್ಲ ಅಂದುಕೊಳ್ಳಬೇಡಿ. ನಿಮ್ಮವರೇ ಆದ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ವಿಚಾರ ಸಂಕಿರಣವನ್ನೇ ಮಾಡಿದ್ದೆವು! ನಿಮ್ಮವರ ಮೇಲೆ ಮೂರು ಪಿಎಚ್.ಡಿ. ಬೇರೆ ಆಗಿವೆ.

ವಿದ್ಯಾರ್ಥಿನಿ: ಶೌಚಾಲಯ?

ಸಾಹೇಬರು: ಅದರ ಮೇಲೆ ಇನ್ನೂ ಯಾರೂ ಪಿಎಚ್.ಡಿ. ಮಾಡಿಲ್ಲ.

ವಿದ್ಯಾರ್ಥಿನಿ: ಅಲ್ಲಿಯವರೆಗೆ ನಾನು ಎಲ್ಲಿರಲಿ?

ಸಾಹೇಬರು: (ಊಟದ ಡಬ್ಬಿ ಎತ್ತಿಕೊಳ್ಳುತ್ತಾ) ಸದ್ಯಕ್ಕೆ ಕಾಲಂನಲ್ಲೇ ಇರಿ. ಬಾಡಿಗೆಯೂ ಇಲ್ಲ, ವಾರ್ಡನ್ ಕಾಟವೂ ಇಲ್ಲ.